ತಪ್ಪು ಮಾಡಿದವನು ಬದಲಾಗುವ ಕಥೆ: ನಾನು ಬರೆದ ಬಗೆ

ತಪ್ಪು ಮಾಡಿದವನೊಬ್ಬ ಅದರ ಹೊಣೆ ಹೊತ್ತು ಬದಲಾಗುವ ಕಥೆ ಬರೆಯಬೇಕು ಅನ್ನುವ ಆಸೆ ಬಹಳ ದಿನಗಳಿಂದ ಇತ್ತು. ಈಚೆಗೆ ಬರೆದು ಮುಗಿಸಿದೆ.

ಮೊದಲು ಮಾಡಿದ್ದು, ತಪ್ಪು ಏನು ಅಂತ ಖಚಿತ ಮಾಡಿಕೊಂಡಿದ್ದು. "ಅವನು ಕೆಟ್ಟವನು" ಅಂದರೆ ಏನೂ ಹೇಳಿದ ಹಾಗಾಗುವುದಿಲ್ಲ. ನನ್ನ ಕಥೆಯಲ್ಲಿ ಅವನೊಬ್ಬ ಹಿರಿಯ ಅಕೌಂಟೆಂಟ್. ಲೆಕ್ಕದಲ್ಲಿ ಹಣ ಕಡಿಮೆ ಬಂದಿದೆ, ಕಾರಣ ಅವನೇ. ಮೀಟಿಂಗಿನಲ್ಲಿ ಮ್ಯಾನೇಜರ್ "ಈ ಎಂಟ್ರಿ ಯಾರು ಹಾಕಿದ್ದು?" ಎಂದು ಕೇಳುತ್ತಾರೆ. ಎಲ್ಲರೂ ಅವನ ಕೈಕೆಳಗಿನ ಹುಡುಗಿಯ ಕಡೆ ತಿರುಗುತ್ತಾರೆ. ಅವನು ಸುಮ್ನೆ ಕೂತಿರುತ್ತಾನೆ. ಅವಳ ಕೆಲಸ ಹೋಗುತ್ತದೆ. ಅವನನ್ನು ಯಾರೂ ಹೆದರಿಸಿರಲಿಲ್ಲ, ಮಾತಾಡಲು ಅವಕಾಶವೂ ಇತ್ತು. ಇದನ್ನು ಬೇಕೆಂದೇ ಹಾಗೆ ಇಟ್ಟೆ. ಬೇರೆ ದಾರಿಯೇ ಇಲ್ಲದವನ ಮೇಲೆ ಹೊಣೆ ಹೇಗೆ ಹೊರಿಸುವುದು?

ಆಮೇಲೆ ಅವನ ಪರವಾಗಿ ವಾದ ಬರೆದೆ. ಕಥೆಗೆ ಅಂತಲ್ಲ, ನನಗೋಸ್ಕರ. ಸಾಲ ಇತ್ತು, ಮಕ್ಕಳಿದ್ದರು, ಅವಳು ಚಿಕ್ಕವಳು, ಬೇರೆ ಕಡೆ ಕೆಲಸ ಸಿಗುತ್ತೆ, ಮುಂದಿನ ತಿಂಗಳು ಹೇಗಾದರೂ ಸರಿ ಮಾಡುತ್ತೇನೆ ಅಂತ ಅವನು ತನಗೆ ತಾನೇ ಹೇಳಿಕೊಳ್ಳುವ ಮಾತುಗಳನ್ನೆಲ್ಲ ನಿಜಕ್ಕೂ ನಂಬುವ ಹಾಗೆ ಬರೆದೆ, ಯಾಕೆಂದರೆ ನೆಪಗಳು ಪೊಳ್ಳಾಗಿದ್ದರೆ ಓದುಗರು ಅವನನ್ನು ದೂರದಲ್ಲಿ ನಿಂತು ನೋಡುತ್ತಾರೆ, ಗಟ್ಟಿಯಾಗಿದ್ದರೆ ಅವನ ಜಾಗದಲ್ಲಿ ಕೂತು ನೋಡುತ್ತಾರೆ. ಕಾರಣ ಅರ್ಥವಾಗಬೇಕು. ಆದರೆ ತಪ್ಪು ತಪ್ಪಾಗಿಯೇ ಉಳಿಯಬೇಕು.

ಇನ್ನು ಬದಲಾವಣೆ. ನನಗೆ ಜಾಸ್ತಿ ಸಮಯ ಹಿಡಿದದ್ದು ಇಲ್ಲೇ. ಒಂದು ರಾತ್ರಿ ಅವನು ಅತ್ತ, ಬೆಳಗ್ಗೆ ಹೊಸ ಮನುಷ್ಯನಾಗಿ ಎದ್ದ ಅಂತ ಬರೆಯುವುದು ಸುಲಭ, ಅಲ್ವಾ? ನಾನು ಹಾಗೆ ಬರೆಯಬಾರದು ಅಂತ ಮೊದಲೇ ನಿರ್ಧರಿಸಿದ್ದೆ. ದಾಸ್ತೋವ್‌ಸ್ಕಿಯ 1866ರ ರಷ್ಯನ್ ಕಾದಂಬರಿ 'ಅಪರಾಧ ಮತ್ತು ಶಿಕ್ಷೆ'ಯಲ್ಲಿ ನಾಯಕ ರಸ್ಕೋಲ್ನಿಕೋವ್ ಪೊಲೀಸರ ಮುಂದೆ ತಾನು ಮಾಡಿದ ಕೊಲೆ ಒಪ್ಪಿಕೊಳ್ಳುತ್ತಾನೆ, ಆದರೂ ಸೈಬೀರಿಯಾದ ಜೈಲಿಗೆ ಹೋದ ಮೇಲೂ ಅವನಲ್ಲಿ ನಿಜವಾದ ಪಶ್ಚಾತ್ತಾಪ ಇರುವುದಿಲ್ಲ. ಅದು ಶುರುವಾಗುವುದು ಕಾದಂಬರಿಯ ಕೊನೆಕೊನೆಯ ಪುಟಗಳಲ್ಲಿ. ಒಪ್ಪಿಕೊಳ್ಳುವುದು ಬೇರೆ, ಬದಲಾಗುವುದು ಬೇರೆ. ಹ್ಯೂಗೋನ 1862ರ ಫ್ರೆಂಚ್ ಕಾದಂಬರಿ 'ಲೆ ಮಿಸರಾಬ್ಲ್'ನಲ್ಲಿ, ತನ್ನ ಮನೆಯ ಬೆಳ್ಳಿ ಕದ್ದರೂ ಬಿಷಪ್ ಅಷ್ಟು ದೊಡ್ಡ ಮನಸ್ಸು ತೋರಿಸಿ ಬಿಟ್ಟು ಕಳಿಸಿದ ಮೇಲೂ ಜೀನ್ ವಾಲ್‌ಜೀನ್ ದಾರಿಯಲ್ಲಿ ಒಬ್ಬ ಹುಡುಗನ ನಾಣ್ಯದ ಮೇಲೆ ಕಾಲಿಟ್ಟು ಅದನ್ನು ಕೊಡದೆ ಉಳಿಸಿಕೊಳ್ಳುತ್ತಾನೆ. ಅವನು ಕುಸಿದು ಅಳುವುದು ಅದಾದ ಮೇಲೆ. ಈ ಎರಡೂ ನನಗೆ ಧೈರ್ಯ ಕೊಟ್ಟವು. ಹಳೇ ಚಾಳಿ ಮತ್ತೆ ತಲೆ ಎತ್ತಿದರೆ ಬದಲಾವಣೆ ಸುಳ್ಳಾಗುವುದಿಲ್ಲ.

ಹಾಗಾಗಿ ನನ್ನ ಅಕೌಂಟೆಂಟ್‌ನನ್ನು ಅದೇ ಥರದ ಇಕ್ಕಟ್ಟಿಗೆ ಮತ್ತೆ ಮತ್ತೆ ತಂದೆ. ಒಂದು ಸಲ ಚಿಕ್ಕ ವಿಷಯ, ಕಳೆದುಹೋದ ಫೈಲು. ಆಗಲೂ ಬೇರೆಯವರ ಹೆಸರು ಅವನ ಬಾಯಿಗೆ ಬರುತ್ತದೆ, ಹೇಳಿಯೂ ಬಿಡುತ್ತಾನೆ, ಆಮೇಲೆ ವಾಪಸ್ ಹೋಗಿ ಸರಿ ಮಾಡುತ್ತಾನೆ. ಇನ್ನೊಂದು ಸಲ ಯಾರೂ ನೋಡುತ್ತಿಲ್ಲ, ಹೇಳದಿದ್ದರೂ ನಡೆಯುತ್ತದೆ, ಹೇಳಿದರೆ ಮಾತ್ರ ನಷ್ಟ. ಹೇಳುತ್ತಾನೆ. ಈ ದೃಶ್ಯದಲ್ಲಿ ಅವನ ಮನಸ್ಸಿನ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ. ಮಾಡಿದ್ದನ್ನಷ್ಟೇ ಬರೆದೆ.

ಕಥೆಯನ್ನು 'ನಾನು' ಎಂದು ಅವನ ಬಾಯಲ್ಲಿ ಹೇಳಿಸಲಿಲ್ಲ. ತಪ್ಪೊಪ್ಪಿಗೆಯನ್ನು ಅವನೇ ಹೇಳತೊಡಗಿದರೆ ಓದುಗರ ಕನಿಕರ ಕೇಳುವ ದನಿ ತಾನಾಗಿ ಬಂದುಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯ ಅವಳು. ಇಂಥ ಕಥೆಗಳಲ್ಲಿ ಅನ್ಯಾಯಕ್ಕೆ ಒಳಗಾದವರು ಕೊನೆಗೆ ಕ್ಷಮಿಸಲೆಂದೇ ಬರುವುದು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಅದಕ್ಕೆ ಅವರಿಬ್ಬರೂ ಭೇಟಿಯಾಗುವ ದೃಶ್ಯವನ್ನು ಉಳಿದ ದೃಶ್ಯಗಳಿಗಿಂತ ಮೊದಲು, ಅವಳ ಕಡೆಯಿಂದ ಬರೆದುಕೊಂಡೆ. ಅವಳಿಗೆ ಆ ಕೆಲಸ ಹೋದ ಮೇಲೆ ಎಲ್ಲಿ ಇಂಟರ್‌ವ್ಯೂಗೆ ಹೋದರೂ, ಅದು ಯಾಕೆ ಹೋಯಿತು ಅನ್ನುವ ಅದೇ ಪ್ರಶ್ನೆ. ಅವನು ಕ್ಷಮೆ ಕೇಳುತ್ತಾನೆ. ಅವಳು ಹೇಳುತ್ತಾಳೆ: "ಸರ್, ನಿಮ್ಮ ಮನಸ್ಸು ಹಗುರ ಆಗಲಿ ಅಂತ ನಾನು ಬಂದಿಲ್ಲ. ಆವತ್ತು ನಡೆದದ್ದನ್ನು ಬರೆದು ಸಹಿ ಮಾಡಿ ಕೊಡಿ." ಅವನು ಕೊಡುತ್ತಾನೆ. ಅದರಿಂದ ಅವನ ಕೆಲಸವೂ ಹೋಗುತ್ತದೆ, ಹೆಸರೂ ಹೋಗುತ್ತದೆ. ಅವಳು ಕ್ಷಮಿಸಿದಳಾ? ಇಲ್ಲ. ಅವಳ ಕ್ಷಮೆ ಅವನ ಬದಲಾವಣೆಗೆ ಸಿಗುವ ಬಹುಮಾನವಾಗಬಾರದು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಓದಿದ ಗೆಳತಿಯೊಬ್ಬಳು "ಪಾಪ, ಅಷ್ಟೆಲ್ಲ ಮಾಡಿದನಲ್ಲ, ಒಂದು ಒಳ್ಳೆ ಮಾತಾದರೂ ಹೇಳಿಸು" ಅಂದಳು. ನಾನು ಸೇರಿಸಲಿಲ್ಲ. ಈಗ ಅದೇ ಕಥೆಯನ್ನು ಪೂರ್ತಿ ಆ ಹುಡುಗಿಯ ಕಡೆಯಿಂದ ಬರೆಯುತ್ತಿದ್ದೇನೆ, ಅದರಲ್ಲಿ ಅವನು ಬರುವುದು ಆ ಸಹಿಯ ದೃಶ್ಯದಲ್ಲಿ ಮಾತ್ರ.