ಎರಡೂವರೆ ಗುಣಿಸು ಮೂರೂವರೆ: ಹಗ್ಗ ಹಿಡಿದು ಕಲಿಸಿದ ನನ್ನ ಅನುಭವ

ಹಾಸನದ ನಮ್ಮ ಮನೆಯಲ್ಲಿ ಟ್ಯೂಷನ್ ಶುರು ಮಾಡಿ ಹತ್ತು ಹನ್ನೊಂದು ವರ್ಷ ಆಯಿತು. ಏಳನೇ ಕ್ಲಾಸಿನವರಿಗೆ ಎರಡೂವರೆ ಗುಣಿಸು ಮೂರೂವರೆ ಎಷ್ಟು ಅಂತ ಕೇಳಿದರೆ ಪ್ರತಿ ವರ್ಷ ಬರುವ ತಪ್ಪು ಉತ್ತರ ಒಂದೇ, ಆರೂಕಾಲು. ಎರಡು ಮೂರ್ಲ ಆರು, ಅರ್ಧದ ಅರ್ಧ ಕಾಲು. ಎರಡನ್ನೂ ಸರಿಯಾಗೇ ಮಾಡಿರುತ್ತಾರೆ, ಕಷ್ಟ ಇರುವುದೇ ಅಲ್ಲಿ. ವಿಷಮ ಭಿನ್ನರಾಶಿ ಮಾಡಿಕೊಂಡು, ಅಂದರೆ ಎರಡೂವರೆಯನ್ನು 5/2, ಮೂರೂವರೆಯನ್ನು 7/2 ಅಂತ ಬರೆದುಕೊಂಡು ಗುಣಿಸಿ ಅಂದರೆ ಅವತ್ತಿಗೆ ಮಾಡುತ್ತಾರೆ. ಹದಿನೈದು ದಿನ ಬಿಟ್ಟು ಕೇಳಿ ನೋಡಿ, ಮತ್ತೆ ಆರೂಕಾಲು.

ಮೊದಲು ದುಡ್ಡು ಕಳೆದುಕೊಂಡ ಕತೆ. ಸುಮಾರು 1,400 ರೂಪಾಯಿ ಕೊಟ್ಟು ಪ್ಲಾಸ್ಟಿಕ್ ಬಿಲ್ಲೆಗಳ ಒಂದು ಕಿಟ್ ತರಿಸಿದೆ. ಬಣ್ಣಬಣ್ಣದ ದುಂಡು ಬಿಲ್ಲೆ, ಅರ್ಧ, ಕಾಲು, ಮೂರನೇ ಒಂದು. ಕೂಡಿಸಲು ಚೆನ್ನಾಗಿತ್ತು. ಗುಣಿಸಲು ಹೋದರೆ ದುಂಡಗಿನದಕ್ಕೆ ಉದ್ದ ಎಲ್ಲಿ, ಅಗಲ ಎಲ್ಲಿ? ಯುಗಾದಿಗೆ ಮಿಕ್ಕ ಹೋಳಿಗೆಯನ್ನೂ ಕತ್ತರಿಸಿ ನೋಡಿದೆ, ಅದೇ ಗತಿ. ಆಮೇಲೆ ಚಾಕಲೇಟ್ ಬಾರ್. ಅದು ಚೌಕ ಇರುತ್ತದೆ ಸರಿ, ಆದರೆ ಹದಿನಾಲ್ಕು ಮಕ್ಕಳಿಗೆ ಒಂದೊಂದು ಅಂದರೆ ಒಂದು ಸಲಕ್ಕೆ ನೂರನಲವತ್ತು ರೂಪಾಯಿ, ಲೆಕ್ಕ ಮುಗಿಯುವ ಮೊದಲೇ ಚಾಕಲೇಟ್ ಮುಗಿದಿರುತ್ತದೆ. ಅಜ್ಜಿಯ ಹಿತ್ತಾಳೆ ಪಾವು ತೆಗೆದು ರಾಗಿ ಅಳೆಸಿದೆ. ನಾಲ್ಕು ಪಾವು ಒಂದು ಸೇರು ಅನ್ನುವುದನ್ನೇ ಮೊದಲು ಕಲಿಸಬೇಕಾಯಿತು, ಕೈಬಿಟ್ಟೆ.

ಕೊನೆಗೆ ಹೊಳೆದದ್ದು ಗುಂಟೆ. ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಪಾಲು ಆಲೂಗಡ್ಡೆ, ಜೋಳ ಬೆಳೆಯುವ ಮನೆಯವರು. ಗುಂಟೆ ಅಂದರೆ 33 ಅಡಿಗೆ 33 ಅಡಿ, ನಲವತ್ತು ಗುಂಟೆಗೆ ಒಂದು ಎಕರೆ. ಇದನ್ನು ಅವರಿಗೆ ಹೇಳಿಕೊಡಬೇಕಾಗಿಲ್ಲ, ಅಪ್ಪ ಚಿಕ್ಕಪ್ಪ ಪಾಲಿಗೆ ಜಗಳ ಆಡುವಾಗ ಕೇಳಿಸಿಕೊಂಡಿರುತ್ತಾರೆ. ಹಗ್ಗ ಹಿಡಿದು ನೆಲದ ಮೇಲೆ ಗುಂಟೆ ಗುರುತು ಮಾಡಿ ಗುಣಾಕಾರ ಕಲಿಸುತ್ತೇನೆ ಅಂತ, ನನ್ನ ಜೊತೆ ಟಿಸಿಎಚ್ (ಶಿಕ್ಷಕರ ತರಬೇತಿ) ಮಾಡಿದ ಗೆಳತಿಗೆ ಫೋನಲ್ಲಿ ಹೇಳಿದರೆ ನಕ್ಕಳು. "ಏನೇ, ಲೆಕ್ಕ ಕಲಿಸೋಕೆ ಹಗ್ಗ ಯಾಕೇ? ಮೇಲಿಂದು ಮೇಲೆ, ಕೆಳಗಿಂದು ಕೆಳಗೆ ಗುಣಿಸು ಅಂದ್ರೆ ಮುಗೀತಲ್ಲ." ಇಬ್ಬರು ಪೋಷಕರಂತೂ ಟ್ಯೂಷನ್ ಹೆಸರಲ್ಲಿ ಮಣ್ಣಾಡಿಸುತ್ತಾರೆ ಅಂತ ಮಕ್ಕಳನ್ನೇ ಬಿಡಿಸಿದರು. ತಿಂಗಳಿಗೆ ಸಾವಿರ ರೂಪಾಯಿ ಹೋಯಿತು.

ಮನೆ ಪಕ್ಕ ಒಂದು ಖಾಲಿ ಸೈಟಿದೆ. ಪಾರ್ಥೇನಿಯಂ ಗಿಡ ಕೀಳಿಸಿ, ಅರಸೀಕೆರೆ ಕಡೆಯ ತೆಂಗಿನ ನಾರಿನ ಹಗ್ಗ ತಂದು ನಾಲ್ಕು ಗೂಟ ಹೊಡೆದೆವು. ಮೊದಲ ದಿನ ದಂಡ. ನಾರಿನ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ, 33 ಅಡಿ ಹೋಗಿ 34ರ ಮೇಲೆ ಬಂತು, ಮೂಲೆಗೆ ಮೂಲೆ ಕೂಡಲೇ ಇಲ್ಲ. ಸಾಲದ್ದಕ್ಕೆ ಮಳೆ, ಸುಣ್ಣದ ಗೆರೆ ಎಲ್ಲ ತೊಳೆದುಹೋಯಿತು. ಮುಂದಿನ ಭಾನುವಾರ ಇನ್ನೂರು ರೂಪಾಯಿ ಚಿಲ್ಲರೆ ಕೊಟ್ಟು ನೈಲಾನ್ ಹಗ್ಗ ತಂದೆ. ಮಾಡುವವರು ನೈಲಾನೇ ತನ್ನಿ.

ಗುಂಟೆ ಗುರುತು ಹಾಕಿ ಆದ ಮೇಲೆ ಉದ್ದದಲ್ಲಿ ಅರ್ಧ, ಅಗಲದಲ್ಲಿ ಅರ್ಧಕ್ಕೆ ಗೆರೆ ಎಳೆದೆ. "ಇದೆಷ್ಟು?" "ಅರ್ಧ ಗುಂಟೆ ಮಿಸ್!" ಎಲ್ಲರದೂ ಒಂದೇ ಕೂಗು. ಒಬ್ಬ ಹುಡುಗ ಮಾತ್ರ ಸುಮ್ನೆ ನಿಂತು ನೋಡಿದ, ಅಂಥ ಚೌಕ ನಾಲ್ಕು ಹಿಡಿಯುತ್ತೆ ಅಂದ. ಸರಿ, ಕಾಲು ಗುಂಟೆ. ಗುಂಟೆಗೆ 1,089 ಚದರಡಿ, ಅದರ ಕಾಲು 272¼. ಆ ಚೌಕದ ಬದಿ 33ರ ಅರ್ಧ, ಹದಿನಾರೂವರೆ ಅಡಿ. ಈಗ ಹದಿನಾರೂವರೆಯನ್ನು ಹದಿನಾರೂವರೆಯಿಂದ ನಿಮ್ಮ ರೀತಿಯಲ್ಲೇ ಗುಣಿಸಿ ಅಂದೆ. 256¼ ಬಂತು. ಹದಿನಾರು ಚದರಡಿ ಕಾಣೆ!

ಅಲ್ಲಿಂದ ಪಾಠ ನನ್ನ ಕೈಲಿರಲಿಲ್ಲ. ಜಮೀನು ಕಾಣೆ ಆಗಿದೆ ಅಂದರೆ ಈ ಮಕ್ಕಳು ಬಿಡುತ್ತಾರಾ? ಹದಿನಾರಕ್ಕೆ ಹದಿನಾರರ ಚೌಕ ಬಿಡಿಸಿ ಸುತ್ತ ಹುಡುಕಿದರು. ಎರಡು ಬದಿಯಲ್ಲಿ ಅರ್ಧ ಅಡಿ ಅಗಲದ ಒಂದೊಂದು ಪಟ್ಟಿ, ಒಂದೊಂದು ಎಂಟು ಚದರಡಿ. "ಬದುವಿನ ಪಕ್ಕದ ಪಟ್ಟಿ ಲೆಕ್ಕಕ್ಕೇ ಹಿಡಿದಿಲ್ಲ ಮಿಸ್" ಅಂತ ಒಬ್ಬಳು ಸಿಟ್ಟಲ್ಲೇ ಹೇಳಿದಳು. ಒಳಗೆ ಬಂದು ಎರಡೂವರೆ, ಮೂರೂವರೆಗೂ ಚಿತ್ರ ಬರೆದರು. ಆರು, ಒಂದು, ಒಂದೂವರೆ, ಕಾಲು. ಎಂಟೂಮುಕ್ಕಾಲು.

ಆಮೇಲೆ ಗ್ರಾಫ್ ಪುಸ್ತಕ. 1⅔ ಗುಣಿಸು 2¼. ಒಂದಕ್ಕೆ ಅಡ್ಡ ಮೂರು ಮನೆ, ಉದ್ದ ನಾಲ್ಕು ಮನೆ ಇಟ್ಟರೆ ಒಂದು ಪೂರ್ಣಕ್ಕೆ ಹನ್ನೆರಡು ಮನೆ. ನಮ್ಮ ಹೊಲ ಐದಕ್ಕೆ ಒಂಬತ್ತು, ನಲವತ್ತೈದು ಮನೆ. ಹನ್ನೆರಡರಂತೆ ಮೂರು ಪೂರ್ಣ, ಉಳಿದದ್ದು ಒಂಬತ್ತು, ಅಂದರೆ ಮುಕ್ಕಾಲು. ವಿಷಮ ಭಿನ್ನರಾಶಿ ಅನ್ನುವುದು ಮನೆ ಎಣಿಸುವ ಲೆಕ್ಕ ಅಂತ ನನಗೇ ಆವತ್ತು ಸರಿಯಾಗಿ ಕಂಡಿದ್ದು, ನಾಚಿಕೆ ಇಲ್ಲದೆ ಹೇಳುತ್ತೇನೆ. ಮನೆ ಸೈಜ್ ತೀರ್ಮಾನ ಮಾಡಲು ನನ್ನದೊಂದು ಉಪಾಯ ಇದೆ, ಮೇಲಿನ ಕೆಳಗಿನ ಸಂಖ್ಯೆಗಳನ್ನು ಅಡ್ಡ ಹೊಡೆದು ಚಿಕ್ಕದು ಮಾಡುವುದನ್ನೂ ಅದರಲ್ಲೇ ಕಲಿಸುತ್ತೇನೆ. ಅದನ್ನು ಬರೆಯಲ್ಲ, ಟ್ಯೂಷನ್ ನಡೆಯಬೇಕಲ್ಲ!

ನಡುವೆ ಕಾಫಿಪುಡಿಯನ್ನೂ ಬಿಡಲಿಲ್ಲ. ಎರಡೂಕಾಲು ಕೆಜಿಯಲ್ಲಿ ಐದನೇ ಒಂದು ಪಾಲು ಚಿಕೋರಿ ಎಷ್ಟು? ಲೆಕ್ಕದಲ್ಲಿ ಇಪ್ಪತ್ತನೇ ಒಂಬತ್ತು, ತೂಕದಲ್ಲಿ 450 ಗ್ರಾಂ. ತಕ್ಕಡಿ ಒಪ್ಪಿತು. ನಮ್ಮ ಯಜಮಾನರು ಒಪ್ಪಲಿಲ್ಲ, ಅವರಿಗೆ ಚಿಕೋರಿ ಆಗುವುದಿಲ್ಲ, ಅಷ್ಟೂ ಪುಡಿಯನ್ನು ಒಂದೂವರೆ ತಿಂಗಳು ನಾನೊಬ್ಬಳೇ ಕುಡಿದೆ.

ಮೊದಲಿದ್ದ ಹದಿನಾಲ್ಕರಲ್ಲಿ ಸರಿ ಮಾಡುತ್ತಿದ್ದವರು ಮೂರೋ ನಾಲ್ಕೋ. ದಸರಾ ರಜೆ ಮುಗಿಸಿ ಬಂದ ದಿನವೇ ಹೇಳದೆ ಕೇಳದೆ ಟೆಸ್ಟ್ ಕೊಟ್ಟೆ. ಉಳಿದ ಹನ್ನೆರಡರಲ್ಲಿ ಹತ್ತು ಮಂದಿ ಸರಿ. ಒಬ್ಬ ಈಗಲೂ 4/5 ಗುಣಿಸು 3/5ಕ್ಕೆ 12/5 ಬರೆಯುತ್ತಾನೆ, ಕೆಳಗಿನ ಐದನ್ನು ಮುಟ್ಟಲು ಅವನಿಗೆ ಮನಸ್ಸೇ ಇಲ್ಲ. ಗೆಳತಿ ಕಳೆದ ತಿಂಗಳು ಬಂದವಳು ಪುಸ್ತಕಗಳನ್ನೆಲ್ಲ ತಿರುವಿ ನೋಡಿದಳು, ಏನೂ ಅನ್ನಲಿಲ್ಲ. ಹೋಗುವಾಗ ಒಂದು ವಾರಕ್ಕೆ ಅಂತ ನೈಲಾನ್ ಹಗ್ಗ ತೆಗೆದುಕೊಂಡು ಹೋದಳು. ಇನ್ನೂ ವಾಪಸ್ ಕೊಟ್ಟಿಲ್ಲ.