ಕೊಳಕ್ಕೆ ಪೈಪ್ ಬೇಡ, ಮಡಕೆ ಇಡಿ

ನಲ್ಲಿ ನೀರು ದಿನ ಬಿಟ್ಟು ದಿನ ಬರೋಕೆ ಶುರುವಾದರೆ ನಮ್ಮ ಕಡೆಯ ಹುಡುಗರು ಎರಡರಲ್ಲಿ ಒಂದು ಮಾಡುತ್ತಾರೆ. ಅಂಗಳದ ಕೊಳವನ್ನು ಪೂರ್ತಿ ಒಣಗಲು ಬಿಡುತ್ತಾರೆ, ಇಲ್ಲವೇ ನೀರು ಬಂದ ದಿನ ಪೈಪ್ ಹಾಕಿ ಅಂಚಿನವರೆಗೆ ತುಂಬಿಸುತ್ತಾರೆ. ಎರಡೂ ತಪ್ಪು. ಒಣಗಿದ ಸಿಮೆಂಟ್ ತೊಟ್ಟಿ ಬಿಸಿಲಿಗೆ ಬಿರುಕು ಬಿಡುತ್ತದೆ, ಆಮೇಲೆ ಮಳೆಗಾಲದಲ್ಲೂ ನೀರು ನಿಲ್ಲುವುದಿಲ್ಲ. ನಲ್ಲಿ ನೀರಿನ ಕ್ಲೋರಿನ್ ಮೀನಿನ ಕಿವಿರು ಸುಡುತ್ತದೆ. ಬೆಳಿಗ್ಗೆ ಮೀನು ಸತ್ತು ತೇಲುತ್ತಿದ್ದರೆ "ಬಿಸಿಲು ಜಾಸ್ತಿ ಅಲ್ವಾ ಅಜ್ಜಿ" ಅಂತ ನನಗೇ ಹೇಳುತ್ತಾರೆ!

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕಾರಂಜಿಗೆ, ಕೈತೋಟಕ್ಕೆ ಕುಡಿಯುವ ನೀರು ಬಿಟ್ಟರೆ 5,000 ರೂಪಾಯಿ ದಂಡ ಅಂದಿತ್ತು. ಕಾವೇರಿ ಹುಟ್ಟುವ ನಾಡು ನಮ್ಮದು, ನಮಗೇನು ಅಂತ ಕೂರಬೇಡಿ. ನಮ್ಮ ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೊಳೆ ಸೇರಿರುತ್ತದೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಕೈಕೊಟ್ಟ ವರ್ಷ ಕೆರೆಯಲ್ಲಿ ಉಳಿದದ್ದೂ ಸ್ಪ್ರಿಂಕ್ಲರ್‌ನಲ್ಲಿ ಕಾಫಿ ಗಿಡಕ್ಕೆ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಹೋಂಸ್ಟೇ ಮುಂದೆ ಮಟಮಟ ಮಧ್ಯಾಹ್ನ ಕಾರಂಜಿ ಆಳೆತ್ತರ ಹಾರುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅರ್ಧ ನೀರು ಗಾಳಿಗೇ ಹೋಯಿತು. ತಿರುಪು ತಗ್ಗಿಸಿ, ನೀರು ಕಲ್ಲಿನ ಮೇಲೆ ಗುಳುಗುಳು ಉಕ್ಕಿ ಜಾರಿದರೆ ಸಾಕು. ಅದೂ ಹಗಲಲ್ಲಿ ಬೇಡ. ಮೀನಿಗೆ ಉಸಿರು ಕಟ್ಟುವುದು ಬೆಳಗಿನ ಜಾವ, ಆಗಲೇ ನೀರಲ್ಲಿ ಆಮ್ಲಜನಕ ಕಡಿಮೆ. ಮಲಗುವಾಗ ಪಂಪ್ ಹಾಕಿ, ಹೊತ್ತು ಹುಟ್ಟಿದ ಮೇಲೆ ಆರಿಸಿ.

ಈಗ ಮಡಕೆಯ ವಿಷಯ. ನಮ್ಮ ಅತ್ತೆ ಬಾವಿಕಟ್ಟೆ ಪಕ್ಕದ ನೈದಿಲೆ ತೊಟ್ಟಿಗೆ ಬೇಸಿಗೆಯಲ್ಲಿ ಹೀಗೇ ನೀರುಣಿಸುತ್ತಿದ್ದರು. ಕೊಡದಿಂದ ಸುರಿದರೆ ತಳದ ಕೆಸರು ಏಳುತ್ತದೆ ಅಂತ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಬಾಯಿ ಒಡೆದ ಹಳೇ ಮಡಕೆ ಇದ್ದರೆ ಸಾಕು. ಒಂದು ರಾತ್ರಿ ನೀರಲ್ಲಿ ನೆನೆಹಾಕಿ. ಆಮೇಲೆ ಬೋರಲು ಹಾಕಿ, ತಳದ ನಡುವೆ ಮೊಳೆ ಇಟ್ಟು ಕೈಯಲ್ಲೇ ತಿರುಗಿಸುತ್ತಾ ಕೊರೆಯಿರಿ. ಸುತ್ತಿಗೆ ತಂದಿರೋ, ಮಡಕೆ ಹೋಯಿತು. ತೂತು ಕಿರುಬೆರಳಿಗಿಂತ ಸಣ್ಣದಿರಲಿ. ಹಳೇ ಹತ್ತಿ ಸೀರೆಯ ಚೂರನ್ನು ಸೋಪಿನ ವಾಸನೆಯೂ ಉಳಿಯದ ಹಾಗೆ ಜಾಲಿಸಿ, ಬತ್ತಿ ಹೊಸೆದು ಒಳಗಿನಿಂದ ತೂರಿಸಿ. ಶಿವನ ತಲೆ ಮೇಲಿನ ಧಾರಾಪಾತ್ರೆಯ ಹಾಗೆ ಹನಿ ಹನಿ ಬೀಳಬೇಕು, ಧಾರೆ ಕಟ್ಟಬಾರದು. ಧಾರೆಯಾದರೆ ಬತ್ತಿ ದಪ್ಪ ಮಾಡಿ. ಕೊಳಕ್ಕೆ ಅಡ್ಡ ಎರಡು ಅಡಿಕೆ ದಬ್ಬೆ ಇಟ್ಟು ಅದರ ಮೇಲೆ ಮಡಕೆ ಕೂರಿಸಿ. ಹನಿ ಬೀಳುವ ಜಾಗದಲ್ಲಿ ಚಪ್ಪಟೆ ಕಲ್ಲೊಂದನ್ನು ತುಸು ಓರೆಯಾಗಿಡಿ, ನೀರು ಕಲ್ಲಿನ ಮೇಲೆ ತೆಳ್ಳಗೆ ಹರಡಿ ಸದ್ದಿಲ್ಲದೆ ಒಳಗೆ ಸೇರಲಿ.

ಮಡಕೆಗೆ ಹಾಕುವ ನೀರು ಹಿಂದಿನ ದಿನ ಬೆಳಿಗ್ಗೆಯೇ ಅಗಲ ಬಾಯಿಯ ಪಾತ್ರೆಯಲ್ಲಿ ಹಿಡಿದಿಟ್ಟದ್ದಾಗಿರಬೇಕು. ಮೇಲೆ ತೆಳು ಬಟ್ಟೆ ಕಟ್ಟಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ತಾಮ್ರದ ಹಂಡೆ ಮಾತ್ರ ಬೇಡವೇ ಬೇಡ, ತಾಮ್ರ ಮೀನಿಗೆ ವಿಷ. ಸಂಜೆ ಬಿಸಿಲು ಇಳಿದ ಮೇಲೆ ತುಂಬಿಸಿದರೆ ಬೆಳಗಾಗುವಷ್ಟರಲ್ಲಿ ಮಡಕೆ ಖಾಲಿ. ಅಂಚಿನವರೆಗೆ ತುಂಬಲಿ ಅನ್ನುವ ಹಟ ಬಿಡಿ, ಒಂದು ಗೇಣು ಕಮ್ಮಿ ಇದ್ದರೆ ಮೀನಿಗೇನೂ ಆಗುವುದಿಲ್ಲ.

ದಿನಾ ಎರಡು ಮಡಕೆ ಹಾಕಿದರೂ ಇಳಿಯುತ್ತಿದೆಯಾ? ಬಿಸಿಲನ್ನು ಬೈಯುವ ಮೊದಲು ಸೋರಿಕೆ ನೋಡಿ. ಪಂಪ್ ಆರಿಸಿ, ಒಂದು ಬಕೆಟ್ ನೀರನ್ನು ಕೊಳದ ಮೆಟ್ಟಿಲ ಮೇಲಿಟ್ಟು ಎರಡಕ್ಕೂ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಮಾರನೇ ದಿನ ಬಕೆಟ್‌ಗಿಂತ ಕೊಳ ಹೆಚ್ಚು ಇಳಿದಿದ್ದರೆ ಎಲ್ಲೋ ಬಿರುಕಿದೆ.

ನೆರಳಿಗೆ ಕಾಫಿ ನರ್ಸರಿಯ ಹಳೇ ಶೇಡ್ ನೆಟ್ ಕಟ್ಟಿ. ನೈದಿಲೆ ಎಲೆ ಅರ್ಧ ಕೊಳ ಮುಚ್ಚಿದರೆ ಇನ್ನೂ ಒಳ್ಳೆಯದು, ಪಾಚಿಯೂ ಕಮ್ಮಿ. ಹೂ ಚೆಂದ ಅಂತ ಕೆರೆಯಿಂದ ನೇರಳೆ ಹೂವಿನ ಜೊಂಡು ಕಿತ್ತು ತರಬೇಡಿ. ಅದು ಬಿಸಿಲಿಗಿಂತ ಜಾಸ್ತಿ ನೀರು ಕುಡಿಯುತ್ತದೆ.

ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು ಕೊಳಕ್ಕೆ ಬೇಡ, ಗಿಡಕ್ಕೆ ಹಾಕಿ. ಕಾಳುಮೆಣಸು ಅದ್ದಿದ ಬಿಸಿನೀರೂ ಅಷ್ಟೇ, ಆರಿಸಿ ಬಾಳೆ ಬುಡಕ್ಕೆ. ಅಂದ ಹಾಗೆ, ಬಿಡಿಸಿದ ಹಸಿ ಮೆಣಸನ್ನು ಬುಟ್ಟಿಯಲ್ಲಿ ಹಾಕಿ ಕುದಿಯುವ ನೀರಲ್ಲಿ ಒಂದು ನಿಮಿಷ ಮುಳುಗಿಸಿ ತೆಗೆದರೆ ಬೇಗ ಒಣಗುತ್ತದೆ, ಕಪ್ಪೂ ಚೆನ್ನಾಗಿ ಬರುತ್ತದೆ. ಅದನ್ನೂ ಈಗಿನವರು ಬಿಟ್ಟೇಬಿಟ್ಟಿದ್ದಾರೆ.

ಹೂಳು ತೆಗೆಯುವ ಉತ್ಸಾಹ ಬೇಸಿಗೆಯಲ್ಲಿ ಬೇಡ. ಬಿದ್ದ ಸಿಲ್ವರ್ ಓಕ್ ಎಲೆ ದಿನಾ ಆರಿಸಿದರೆ ಸಾಕು. ಮಳೆ ಬಂದ ಮೇಲೆ ಮಾಡಿನ ನೀರನ್ನು ಕೊಳಕ್ಕೆ ತಿರುಗಿಸಿ. ಮೊದಲೆರಡು ಮಳೆಯ ನೀರನ್ನು ಮಾತ್ರ ಹೊರಗೆ ಬಿಡಿ, ಹೆಂಚಿನ ಮೇಲಿನ ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲೇ ಬರುತ್ತದೆ.