ಟ್ರಂಕಿನಡಿಯ ಹಳೇ ಪೇಪರ್ ಯಾವ ಇಸವಿದ್ದು ಅಂತ ಕಂಡುಹಿಡಿಯುದು ಹೇಗೆ

ಕಾಸರಗೋಡಿನ ನಮ್ಮ ಕಡೆ ಹಳೇ ಮನೆಯ ಟ್ರಂಕು ಖಾಲಿ ಮಾಡಿದ್ರೆ ಅಡಿಯಲ್ಲಿ ಒಂದು ಪೇಪರ್ ಹಾಸಿಯೇ ಇರ್ತದೆ. ಅಜ್ಜಿಯ ಸೀರೆ ಟ್ರಂಕಿನಲ್ಲಿ ನಂಗೆ ಸಿಕ್ಕಿದ್ದು ಒಂದು ಕನ್ನಡ ದಿನಪತ್ರಿಕೆಯ ಒಳಪುಟ, ಮೇಲಿನ ಅಂಚನ್ನು ಜಿರಳೆ ತಿಂದು ಹೆಸರೂ ಇಲ್ಲ ತಾರೀಕೂ ಇಲ್ಲ. ಅದರ ಹಿಂದೆ ಬಿದ್ದು ಕಲಿತದ್ದನ್ನು ಬರೀತೇನೆ, ಊರಿನ ಪೇಪರಿನ ಚರಿತ್ರೆ ಬರೆಯುವ ಆಸೆ ಇದ್ದವರಿಗೂ ಇದೇ ದಾರಿ.

ಮೊದಲು ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಬೇಡವೇ ಬೇಡ, ಬಿಸಿಲಿಗೂ ಹಾಕ್ಬೇಡಿ ಮಾರಾಯ್ರೆ. ನ್ಯೂಸ್‌ಪ್ರಿಂಟು ಮರದ ತಿರುಳಿಂದು, ಬೆಳಕು ಬಿದ್ದಷ್ಟೂ ಹಳದಿಯಾಗಿ ಹಪ್ಪಳದ ಹಾಗೆ ಪುಡಿಯಾಗ್ತದೆ. ಮಳೆಗಾಲದಲ್ಲಿ ಕಟ್ಟು ಬಿಚ್ಚುದೂ ಬೇಡ, ಜನವರಿ ಫೆಬ್ರವರಿಯಲ್ಲಿ ನೆರಳಲ್ಲಿ ಹರಡಿ ಮೊಬೈಲಲ್ಲಿ ಫೋಟೋ ತೆಗೀರಿ, ಸಾಕು.

ಕೊನೇ ಪುಟ ಸಿಕ್ಕಿದ್ರೆ ನಿಮ್ಮ ಅದೃಷ್ಟ. ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಯಾರು ಮುದ್ರಿಸಿದ್ದು, ಯಾರು ಪ್ರಕಟಿಸಿದ್ದು, ಪ್ರೆಸ್ಸು ಎಲ್ಲಿ ಅಂತ ಇರ್ತದೆ, ಬ್ರಿಟಿಷರ 1867ರ ಕಾಯ್ದೆಯಿಂದ ಬಂದ ಕಡ್ಡಾಯ ಅದು. 1956ರ ನಿಯಮ ಬಂದ ಮೇಲೆ ಇನ್ನೊಂದು ಉಪಕಾರ ಆಯ್ತು, ವರ್ಷಕ್ಕೊಮ್ಮೆ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಮಾಲೀಕರು ಯಾರು ಅಂತ ಫಾರಂ 4 ಅನ್ನುವ ಹೇಳಿಕೆ ಹಾಕ್ಬೇಕಾಯ್ತು. ನನ್ನ ಕೇಳಿದ್ರೆ ಪೇಪರಿನ ನಿಜವಾದ ಜಾತಕ ಇದೇ. ಸುವರ್ಣ ಮಹೋತ್ಸವದ ಪುರವಣಿಯಲ್ಲಿ ಹಾರ ತುರಾಯಿ ಫೋಟೋ ಮಾತ್ರ ಇರುದು, ಮಾಲೀಕರು ಯಾವಾಗ ಬದಲಾದ್ರು, ಪ್ರೆಸ್ಸು ಯಾವ ಊರಿಗೆ ಹೋಯ್ತು ಅಂತ ಬೇಕಾದ್ರೆ ಮಾರ್ಚ್ ತಿಂಗಳ ಪೇಪರುಗಳನ್ನು ಸಾಲಾಗಿಟ್ಟು ನೋಡ್ಬೇಕು.

ಪೇಪರಿಗೆ ಎಷ್ಟನೇ ವರ್ಷ ಅಂತ ಹೇಳುವ ಸಂಪುಟ ಸಂಖ್ಯೆಯಿಂದ ಹಿಂದಕ್ಕೆ ಎಣಿಸ್ಲಿಕ್ಕೂ ಆಗ್ತದೆ. ಉದಯವಾಣಿ ಮಣಿಪಾಲದಲ್ಲಿ ಶುರುವಾದ್ದು 1970ರ ಜನವರಿ, ಅಂದ್ರೆ 1984 ಅದಕ್ಕೆ 15ನೇ ವರ್ಷ. ಲೆಕ್ಕ ತಾಳೆ ಆಗದಿದ್ರೆ ಆ ಪೇಪರ್ ನಡುವೆ ನಿಂತಿತ್ತಾ, ವಾರಪತ್ರಿಕೆ ಇದ್ದದ್ದು ದಿನಪತ್ರಿಕೆ ಆಯ್ತಾ ಅಂತ ಹುಡುಕಿ. "ಮೊದಲ ಪತ್ರಿಕೆ" ಅನ್ನುವ ಮಾತಲ್ಲೂ ಜಾಗ್ರತೆ ಬೇಕು, 1843ರ ಜುಲೈ 1ಕ್ಕೆ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯ ಪಾದ್ರಿ ಮೋಗ್ಲಿಂಗ್ ತಂದ ಮಂಗಳೂರ ಸಮಾಚಾರ ಕನ್ನಡದ ಮೊದಲ ಪತ್ರಿಕೆ ಹೌದು, ಆದ್ರೆ ಅದು 15 ದಿನಕ್ಕೊಮ್ಮೆ ಬರ್ತಿದ್ದದ್ದು. ವಿ.ಎಸ್. ಕುಡ್ವರ ನವಭಾರತ ಮಂಗಳೂರಿಂದ ದಿನಾ ಬರ್ಲಿಕ್ಕೆ ಶುರುವಾದ್ದು 1941ರಲ್ಲಿ.

ಇದ್ಯಾವುದೂ ಸಿಗದ ನನ್ನಂಥವರು ಜಾಹೀರಾತು ಓದ್ಬೇಕು. ರೇಟು ಆಣೆಯಲ್ಲಿದ್ರೆ ಹೆಚ್ಚಾಗಿ 1957ರ ಏಪ್ರಿಲಿಗಿಂತ ಹಿಂದಿಂದು, "ನ.ಪೈ." ಅಂದ್ರೆ ನಯಾ ಪೈಸೆ ಇದ್ರೆ ಅಲ್ಲಿಂದ 1964ರ ಮೇ ತನಕ, ಮತ್ತೆ ಬರೇ ಪೈಸೆ. ಪಿನ್‌ಕೋಡ್ ಇದ್ರೆ 1972ರ ಆಗಸ್ಟಿನ ಈಚೆಗೆ. ಗಡಿಯವರಾದ ನಮಗೆ ಮಾತ್ರ ಸಿಗುವ ಗುರುತು ಒಂದುಂಟು, ವಿಳಾಸದ ಜಿಲ್ಲೆ. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರುವ ತನಕ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ, 1957ರಿಂದ ಕಣ್ಣೂರು ಜಿಲ್ಲೆ, 1984ರ ಮೇ 24ರ ಮೇಲೆ ನಮ್ಮದೇ ಕಾಸರಗೋಡು ಜಿಲ್ಲೆ. ಮನೆ ಇದ್ದಲ್ಲೇ ಇತ್ತು, ವಿಳಾಸ ಮಾತ್ರ ಊರೂರು ತಿರುಗಿದ್ದು!

ಹಳೇ ಫೈಲು ಎಲ್ಲಿ ಸಿಗ್ತದೆ? ಒಂದು ಲೈಬ್ರರಿಯಲ್ಲಿ ಕೇಳಿದ್ದಕ್ಕೆ ಗುಜರಿಗೆ ಕೊಟ್ಟಾಯ್ತು ಅಂದ್ರು, ಹೊಟ್ಟೆ ಉರೀತು. 1956ರ ನಂತರ ಪತ್ರಿಕೆಗಳು ಕಾನೂನು ಪ್ರಕಾರ ಕೊಲ್ಕತ್ತಾದ ನ್ಯಾಷನಲ್ ಲೈಬ್ರರಿಗೂ ಚೆನ್ನೈನ ಕನ್ನೆಮರಾ ಲೈಬ್ರರಿಗೂ ಪ್ರತಿ ಕಳಿಸ್ಬೇಕು, ಅಲ್ಲಿ ವಿಚಾರಿಸಿ. ಬ್ರಿಟಿಷರ ಕಾಲದ್ದು ಬೇಕಾದ್ರೆ ದೇಶೀ ಪತ್ರಿಕೆಗಳು ಎಂತ ಬರೆದವು ಅಂತ ಮದ್ರಾಸ್ ಸರಕಾರ ಇಂಗ್ಲಿಷಲ್ಲಿ ಮಾಡಿಸ್ತಿದ್ದ ಗುಟ್ಟಿನ ವರದಿಗಳುಂಟು, ಮೂಲ ಪೇಪರ್ ಮಣ್ಣಾಗಿದ್ರೂ ಅದರ ಸಾರಾಂಶ ಉಳಿದಿರ್ತದೆ. ಬಾಸೆಲ್ ಮಿಶನಿನದ್ದಾದ್ರೆ ಮಂಗಳೂರಿನ ಬಲ್ಮಠದಲ್ಲಿ ಕೇಳಿ.

ಇನ್ನು ನನ್ನ ಟ್ರಂಕಿನ ಪುಟ. ಸಾಬೂನಿನ ಜಾಹೀರಾತಲ್ಲಿ ನ.ಪೈ. ಇತ್ತು, ಒಂದು ಅಂಗಡಿ ವಿಳಾಸದಲ್ಲಿ ಕಣ್ಣೂರು ಜಿಲ್ಲೆ ಇತ್ತು, ಯಕ್ಷಗಾನದ ಬಯಲಾಟದ ಪ್ರಕಟಣೆಯಲ್ಲಿ "ಜನವರಿ 14 ಮಂಗಳವಾರ" ಅಂತಿತ್ತು. ಕ್ಯಾಲೆಂಡರ್ ತಿರುಗಿಸಿದ್ರೆ ಆ ಏಳೆಂಟು ವರ್ಷದಲ್ಲಿ 14 ಮಂಗಳವಾರ ಬಿದ್ದದ್ದು ಎರಡೇ ಸಲ, 1958 ಮತ್ತೆ 1964. ಮೈಸೂರು ರಾಜ್ಯದ, ಅಂದ್ರೆ ಈಗಿನ ಕರ್ನಾಟಕದ, ಸುದ್ದಿಯಲ್ಲಿ ನಿಜಲಿಂಗಪ್ಪ ಇದ್ರು, ಅವರು ಎರಡೂ ಸಲ ಮುಖ್ಯಮಂತ್ರಿಯೇ, ಪ್ರಯೋಜನ ಆಗ್ಲಿಲ್ಲ. ಆಚೆ ಮೂಲೆಯಲ್ಲಿ ಅರ್ಧ ಹರಿದ ತಿರುವನಂತಪುರದ ಸುದ್ದಿ, ಅದರಲ್ಲಿ "ಮುಖ್ಯಮಂತ್ರಿ ಶಂಕರ್". 1958ರಲ್ಲಿ ಅಲ್ಲಿ ಇ.ಎಂ.ಎಸ್. ಇದ್ದದ್ದು, ಆರ್. ಶಂಕರ್ ಬಂದದ್ದು 1962ರಲ್ಲಿ. ಹಾಗೆ 1964 ಅಂತ ಆಯ್ತು, ಪೇಪರಿನ ಹೆಸರು ಇನ್ನೂ ಹುಡುಕ್ತಾ ಇದ್ದೇನೆ.